ಯಕೃತ್ತಿಗೆ ಸಿಕ್ಕ ವಿಮೆ ಕುಡಿತದ ಚಿಕಿತ್ಸೆಗೆ ಏಕಿಲ್ಲ?

ಮಾನ್ಯರೇ,

ನಿಮ್ಮ ಪತ್ರವನ್ನು ಎರಡೆರಡು ಸಲ ಓದಿದೆ. ಕುಡಿತದಿಂದ ಯಕೃತ್ತು ಕೆಟ್ಟ ನಿಮ್ಮ ತಮ್ಮ ರಕ್ತವಾಂತಿಯಾಗಿ ಮೂರು ಬಾರಿ ಆಸ್ಪತ್ರೆ ಸೇರಿದಾಗ ಖರ್ಚನ್ನೆಲ್ಲ ಭರಿಸಿದ ಸಾರ್ವಜನಿಕ ಆರೋಗ್ಯ ವಿಮೆ, ಅವರೇ ಮನಸ್ಸು ಮಾಡಿ ಕುಡಿತ ಬಿಡುವ ಚಿಕಿತ್ಸೆಗೆ ದಾಖಲಾಗಲು ಹೊರಟಾಗ ‘ಇದು ನಮ್ಮ ವ್ಯಾಪ್ತಿಗೆ ಬಾರದು’ ಎಂದಿತು ಎಂದು ಬರೆದಿದ್ದೀರಿ. ತಾನಾಗಿ ತಂದುಕೊಂಡ ಕಾಯಿಲೆಗೆ ಜನರ ದುಡ್ಡು ಏಕೆ ಎಂದು ಮನೆಯ ಹಿರಿಯರು ಕೇಳಿದಾಗ ನಿಮಗೆ ಉತ್ತರ ತೋಚಲಿಲ್ಲ ಎಂದೂ ತಿಳಿಸಿದ್ದೀರಿ.

ಆ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಸಿಗರೇಟು ಸೇದಿ ಶ್ವಾಸಕೋಶ ಕೆಟ್ಟವರಿಗಾಗಲಿ, ಹೆಲ್ಮೆಟ್ ಧರಿಸದೆ ಬಿದ್ದವರಿಗಾಗಲಿ ವಿಮೆ ಈ ಪ್ರಶ್ನೆಯನ್ನು ಹಾಕುವುದಿಲ್ಲ. ನಿಮ್ಮ ತಮ್ಮನ ಯಕೃತ್ತಿನ ವಿಷಯದಲ್ಲೂ ಹಾಕಲಿಲ್ಲ. ಪರಿಣಾಮಕ್ಕೆ ಮೂರು ಸಲ ಹಣ ಕೊಟ್ಟು ಕಾರಣಕ್ಕೆ ಒಮ್ಮೆಯೂ ಕೊಡದಿರುವುದು ನ್ಯಾಯವೂ ಅಲ್ಲ, ಉಳಿತಾಯವೂ ಅಲ್ಲ.

ವ್ಯಸನ ಬರೀ ಮನಸ್ಸಿನ ದೌರ್ಬಲ್ಯವಾಗಿದ್ದರೆ, ಬಿಟ್ಟ ಕೂಡಲೇ ದೇಹ ಹಗುರಾಗಬೇಕಿತ್ತು. ಆಗುವುದು ಅದಕ್ಕೆ ವಿರುದ್ಧ. ವರ್ಷಗಟ್ಟಲೆ ವಿಪರೀತ ಕುಡಿದವರು ಥಟ್ಟನೆ ನಿಲ್ಲಿಸಿದರೆ ಮೊದಲ ದಿನವೇ ಕೈನಡುಕ, ಬೆವರು ಶುರುವಾಗುತ್ತವೆ. ಎರಡು ದಿನಗಳೊಳಗೆ ಅಪಸ್ಮಾರದಂಥ ಸೆಳವು ಬರಬಹುದು. ಎರಡು ಮೂರನೆಯ ದಿನಕ್ಕೆ ಕೆಲವರಿಗೆ ಸನ್ನಿ ಹಿಡಿಯುತ್ತದೆ, ಚಿಕಿತ್ಸೆಯಿಲ್ಲದಿದ್ದರೆ ಅದು ಪ್ರಾಣವನ್ನೂ ತೆಗೆಯಬಲ್ಲದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಜಗತ್ತಿನಾದ್ಯಂತ ಸುಮಾರು 40 ಕೋಟಿ ಜನರಿಗೆ ಕುಡಿತ ಹತೋಟಿ ತಪ್ಪಿದ ಮದ್ಯಸೇವನೆಯ ಕಾಯಿಲೆಯಿತ್ತು, ಅವರಲ್ಲಿ ಸುಮಾರು 21 ಕೋಟಿ ಜನ ಕುಡಿಯದೆ ಇರಲಾಗದ ಅವಲಂಬನೆಯ ಹಂತ ತಲುಪಿದ್ದರು.

ಸಾಮಾಜಿಕ ವಿಮೆಯ ವ್ಯಾಜ್ಯಗಳನ್ನು ತೀರ್ಮಾನಿಸುವ ಜರ್ಮನಿಯ ಉನ್ನತ ಸಾಮಾಜಿಕ ನ್ಯಾಯಾಲಯ ಮದ್ಯವ್ಯಸನವನ್ನು ವಿಮೆಯ ಅರ್ಥದಲ್ಲಿ ಕಾಯಿಲೆಯೆಂದೇ ಒಪ್ಪಿದ್ದು 1968ರಲ್ಲಿ. ಭಾರತದ 2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯದ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನೂ ಮನೋರೋಗದ ವ್ಯಾಖ್ಯೆಗೆ ಸೇರಿಸಿ, ಮನೋರೋಗಕ್ಕೂ ದೈಹಿಕ ಕಾಯಿಲೆಗೆ ಸಮನಾದ ವಿಮೆ ಇರಬೇಕೆಂದು 21ನೇ ಸೆಕ್ಷನ್ನಿನಲ್ಲಿ ವಿಧಿಸಿತು. ಆದರೂ ವಿಮಾ ನಿಯಂತ್ರಣ ಪ್ರಾಧಿಕಾರದ 2019ರ ಮಾರ್ಗಸೂಚಿ ವ್ಯಸನದ ಚಿಕಿತ್ಸೆಯನ್ನು ಪಾಲಿಸಿಗಳಿಂದ ಹೊರಗಿಡಲು ಅವಕಾಶ ಉಳಿಸಿತು. ಒಂದು ಕೈ ಕೊಟ್ಟದ್ದನ್ನು ಇನ್ನೊಂದು ಕೈ ಕಿತ್ತುಕೊಂಡಂತಾಯಿತು ಎಂಬುದು ನನ್ನ ದೃಢ ಅಭಿಪ್ರಾಯ.

ವಿಮೆ ಕೊಟ್ಟರೂ ಎಷ್ಟು ದಿನಕ್ಕೆ ಎಂಬುದೇ ನನಗೆ ಹೆಚ್ಚು ಚಿಂತೆಯ ವಿಷಯ. ಮೈಯಿಂದ ಮದ್ಯದ ನಂಜು ಇಳಿಸಲು ವಾರ ಸಾಕು, ಆದರೆ ಅಲ್ಲಿಗೆ ಚಿಕಿತ್ಸೆ ಮುಗಿಯುವುದಿಲ್ಲ, ಆರಂಭವಾಗುತ್ತದೆ. ಮರಳಿ ಕುಡಿಯುವ ಸಂಭವ ಹೆಚ್ಚಿರುವ ಮುಂದಿನ ತಿಂಗಳುಗಳಲ್ಲಿ ಬೇಕಾಗುವ ಆಪ್ತಸಮಾಲೋಚನೆ, ಮತ್ತೆ ಕುಡಿಯದಂತೆ ನೆರವಾಗುವ ನಾಲ್ಟ್ರೆಕ್ಸೋನ್ ಅಥವಾ ಅಕಾಂಪ್ರೋಸೇಟ್‌ನಂಥ ಮಾತ್ರೆಗಳು, ಹೊರರೋಗಿ ವಿಭಾಗದ ಭೇಟಿಗಳು ಇವೆಲ್ಲ ಒಳರೋಗಿಗಳಿಗಷ್ಟೇ ಹಣ ಕೊಡುವ ಯೋಜನೆಯ ಹೊರಗೇ ಉಳಿಯುತ್ತವೆ. ಸಕ್ಕರೆ ಮತ್ತೆ ಏರಿತೆಂದು ಮಧುಮೇಹಿಯ ಔಷಧವನ್ನು ಯಾರೂ ನಿಲ್ಲಿಸುವುದಿಲ್ಲ. ಮತ್ತೆ ಕುಡಿದವರನ್ನು ಮಾತ್ರ ‘ಒಂದು ಅವಕಾಶ ಕೊಟ್ಟಾಯಿತು’ ಎಂದು ಕೈಬಿಡುತ್ತೇವೆ.

ಇನ್ನೊಂದು ಹಾನಿ ಕಣ್ಣಿಗೆ ಕಾಣುವುದಿಲ್ಲ. ಕಡತದಲ್ಲಿ ಕುಡಿತದ ಮಾತು ಬಂದರೆ ಕ್ಲೇಮ್ ಬಿದ್ದುಹೋಗುತ್ತದೆಂಬ ಭಯದಿಂದ ಕುಟುಂಬ ಅದನ್ನು ವೈದ್ಯರಿಂದಲೇ ಮುಚ್ಚಿಟ್ಟರೆ, ಆಸ್ಪತ್ರೆಯಲ್ಲಿ ಕುಡಿತ ಥಟ್ಟನೆ ನಿಂತು, ಶಸ್ತ್ರಚಿಕಿತ್ಸೆಯಾದ ಮೂರನೆಯ ದಿನ ರೋಗಿ ಕನವರಿಸತೊಡಗಿದಾಗ ಕಾರಣ ಯಾರಿಗೂ ಹೊಳೆಯದೆ ಅಮೂಲ್ಯ ಗಂಟೆಗಳು ಕಳೆದುಹೋಗುತ್ತವೆ.

ನೀವು ಈಗ ಮಾಡಬಹುದಾದದ್ದು ಇಷ್ಟು. ನಿರಾಕರಣೆಯ ಕಾರಣವನ್ನು, ನಿಯಮದ ಉಲ್ಲೇಖದೊಂದಿಗೆ, ಬರಹದಲ್ಲಿ ಕೇಳಿ ಪಡೆಯಿರಿ. ಮನೋವೈದ್ಯರಿಂದ ರೋಗದ ಹೆಸರನ್ನು ‘ಮದ್ಯ ಅವಲಂಬನೆ’ ಎಂದು, ರೋಗಗಳ ಅಂತರರಾಷ್ಟ್ರೀಯ ಪಟ್ಟಿಯಾದ ಐಸಿಡಿ–10ರ ಎಫ್ 10.2 ಸಂಕೇತದೊಡನೆ ಸ್ಪಷ್ಟವಾಗಿ ಬರೆಸಿ, ಆಮೇಲೆ ಮೇಲ್ಮನವಿ ಸಲ್ಲಿಸಿರಿ. ಅದು ಇತ್ಯರ್ಥವಾಗುವವರೆಗೆ ಮನೆಯಲ್ಲೇ ಏಕಾಏಕಿ ಕುಡಿತ ನಿಲ್ಲಿಸುವಂತೆ ನಿಮ್ಮ ತಮ್ಮನನ್ನು ಒತ್ತಾಯಿಸಬೇಡಿ; ಯಕೃತ್ತು ಕೆಟ್ಟವರಿಗೆ ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್‌ನಂಥ ಮಾತ್ರೆ ಅಪಾಯಕಾರಿಯಾದ್ದರಿಂದ, ಯಾವುದೇ ಔಷಧ ಶುರುಮಾಡುವ ಮೊದಲು ಹಿಂದಿನ ಮೂರೂ ಡಿಸ್ಚಾರ್ಜ್ ಪತ್ರಗಳನ್ನು ವೈದ್ಯರಿಗೆ ತೋರಿಸಿರಿ.

– ಸಂಪಾದಕ