ಕ್ಯಾನ್ವಾಸ್ ಕಸೂತಿ: ಕುಶನ್‌ಗಿಂತ ಮೊದಲು ಒಂದು ಕೋಸ್ಟರ್

ಕಸೂತಿಯ ಅಭ್ಯಾಸವಿಲ್ಲ, ಆದರೂ ಕ್ಯಾನ್ವಾಸ್ ಮೇಲೆ ಉಲ್ಲನ್ ದಾರದಿಂದ ಕುಶನ್ ಕವರ್ ಮಾಡುವಾಸೆ, ಎಲ್ಲಿಂದ ಆರಂಭಿಸಲಿ ಎಂದು ಕೇಳಿದ್ದೀರಿ. ಆಸೆ ಬಿಡಬೇಡಿ, ಆದರೆ ಕುಶನ್ ಸ್ವಲ್ಪ ಕಾಯಲಿ. ಇಂಚಿಗೆ 10 ರಂಧ್ರಗಳಿರುವ ಕ್ಯಾನ್ವಾಸಿನಲ್ಲಿ 14 ಇಂಚಿನ ಚೌಕ ತುಂಬಲು 19,600 ಹೊಲಿಗೆ ಬೇಕು. ಲೋಟ ಇಡುವ 4 ಇಂಚಿನ ಕೋಸ್ಟರ್‌ಗೆ 1,600 ಸಾಕು. ಅಷ್ಟರಲ್ಲೇ ಕೈ ಪಳಗುತ್ತದೆ.

ನಾನು ಮೊದಲಿಗೇ ಕುಶನ್ ಹಿಡಿದೆ. ಫ್ರೇಮ್ ಹಾಕದೆ, ಎಲ್ಲವನ್ನೂ ಅಡ್ಡ ಸಾಲುಗಳಲ್ಲಿ ಹೊಲಿದೆ. ಮುಗಿಸಿ ಮೇಜಿನ ಮೇಲೆ ಹರಡಿದಾಗ ಚೌಕವಾಗಿದ್ದ ಬಟ್ಟೆ ಒಂದು ಕಡೆಗೆ ವಾಲಿತ್ತು. ತಿಂಗಳುಗಳ ಕೆಲಸ ಅದು, ತುಂಬಾ ನೊಂದುಕೊಂಡೆ. ಕಾರಣ ತಿಳಿದದ್ದು ತಿರುಗಿಸಿ ಹಿಂಬದಿ ನೋಡಿದಾಗ.

ನಾನು ಹಾಕಿದ್ದ ಟೆಂಟ್ ಹೊಲಿಗೆ ಎಂದರೆ ಕ್ಯಾನ್ವಾಸಿನ ಎಳೆಗಳು ಕೂಡುವ ಜಾಗವನ್ನು ಓರೆಯಾಗಿ ದಾಟುವ ಪುಟ್ಟ ಹೊಲಿಗೆ. ಹೇಗೆ ಹಾಕಿದರೂ ಮುಂದೆ ಒಂದೇ ರೀತಿ ಕಾಣುತ್ತದೆ. ಅಡ್ಡ ಸಾಲಿನ ಕಾಂಟಿನೆಂಟಲ್ ವಿಧಾನದಲ್ಲಿ ಹಿಂದೆಯೂ ಉದ್ದನೆಯ ಓರೆ ದಾರಗಳು ಬಿದ್ದು, ಎಲ್ಲವೂ ಕ್ಯಾನ್ವಾಸನ್ನು ಒಂದೇ ದಿಕ್ಕಿಗೆ ಎಳೆಯುತ್ತವೆ. ಬಾಸ್ಕೆಟ್‌ವೀವ್ ವಿಧಾನದಲ್ಲಿ ಸಾಲುಗಳೇ ಮೂಲೆಯಿಂದ ಮೂಲೆಗೆ ಹೋಗುತ್ತವೆ, ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ. ಹಿಂಬದಿ ಬುಟ್ಟಿ ಹೆಣೆದಂತೆ ಕಾಣುತ್ತದೆ, ಎಳೆತ ಸಮನಾಗುತ್ತದೆ. ಕಲಿಯುವವರು ಇದನ್ನೇ ಕಲಿಯಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಸೂಜಿ ಮೊಂಡು ತುದಿಯದಿರಲಿ; 10ರ ಕ್ಯಾನ್ವಾಸಿಗೆ 18ನೇ ನಂಬರ್ ಹೊಂದುತ್ತದೆ. ಸುತ್ತ ಎರಡು ಇಂಚು ಖಾಲಿ ಬಿಟ್ಟು, ಅಂಚಿಗೆ ಟೇಪ್ ಅಂಟಿಸಿ, ಇಲ್ಲವಾದರೆ ಎಳೆ ಬಿಡುತ್ತದೆ. ದಾರ ಒಂದೂವರೆ ಅಡಿಗಿಂತ ಉದ್ದ ಬೇಡ. ಪ್ರತಿ ಸಲ ರಂಧ್ರದಲ್ಲಿ ಉಜ್ಜಿ ಉಜ್ಜಿ ಉಣ್ಣೆ ಸವೆದು, ಕೊನೆಯ ಹೊಲಿಗೆಗಳು ಸಣಕಲಾಗಿ ಅಡಿಯ ಕ್ಯಾನ್ವಾಸ್ ಇಣುಕುತ್ತದೆ. ಆಗಾಗ ಸೂಜಿಯನ್ನು ಕೆಳಗೆ ಜೋತುಬಿಡಿ. ಅದು ತಾನೇ ಗಿರಗಿರನೆ ತಿರುಗಿ ದಾರದ ಹುರಿ ಬಿಚ್ಚಿಕೊಳ್ಳುತ್ತದೆ. ಸಾಧ್ಯವಾದಷ್ಟೂ ಖಾಲಿ ರಂಧ್ರದಿಂದ ಮೇಲೆ ಬಂದು ತುಂಬಿದ ರಂಧ್ರದಲ್ಲಿ ಕೆಳಗಿಳಿಯಿರಿ, ಹಳೆಯ ಹೊಲಿಗೆಯ ಎಳೆಗಳು ಮೇಲೇಳುವುದಿಲ್ಲ. ಹಿಂದೆ ಗಂಟು ಹಾಕಬೇಡಿ, ಮುಂದೆ ಉಬ್ಬು ಕಾಣುತ್ತದೆ.

ಮುಗಿದ ಮೇಲೆ ಬಣ್ಣ ಬಿಡುವುದಿಲ್ಲವೆಂದು ಖಚಿತಪಡಿಸಿಕೊಂಡು ತುಸು ಒದ್ದೆ ಮಾಡಿ, ಹಲಗೆಯ ಮೇಲೆ ಚೌಕಕ್ಕೆ ಎಳೆದು, ತುಕ್ಕು ಹಿಡಿಯದ ಪಿನ್ ಚುಚ್ಚಿ ಪೂರ್ತಿ ಒಣಗಲು ಬಿಡಿ. ನನ್ನ ವಾಲಿದ ಕುಶನ್ ಹೀಗೆ ಮೂರು ಸಲ ಮಾಡಿದ ಮೇಲೆ ಬಹುಮಟ್ಟಿಗೆ ನೇರವಾಯಿತು. ಕೋಸ್ಟರ್‌ನ ಅಂಚನ್ನು ಹಿಂದಕ್ಕೆ ಮಡಿಸಿ ಫೆಲ್ಟ್ ಬಟ್ಟೆ ಹೊಲಿದರೆ ಆಯಿತು.

ಆಮೇಲೆ ಕುಶನ್‌ಗೆ ಬಾರ್ಜೆಲ್ಲೊ ಪ್ರಯತ್ನಿಸಿ. ನಾಲ್ಕು ಎಳೆ ದಾಟುವ ನೇರ ಹೊಲಿಗೆಗಳು, ಅಲೆಯಂತೆ ಏರಿಳಿಯುವ ಸಾಲುಗಳು. ಬೇಗ ತುಂಬುತ್ತದೆ, ಕ್ಯಾನ್ವಾಸೂ ವಾಲುವುದಿಲ್ಲ. ಮೊದಲ ಸಾಲನ್ನು ಮಾತ್ರ ಎರಡು ಸಲ ಎಣಿಸಿ ನೋಡಿ. ಉಳಿದವೆಲ್ಲ ಅದನ್ನೇ ಹಿಂಬಾಲಿಸುತ್ತವೆ.