ಓದಿದರೆ ಅರ್ಥವಾಗುವ ಇಂಗ್ಲಿಷ್ ಕೇಳಿದರೆ ಯಾಕೆ ಅರ್ಥವಾಗುವುದಿಲ್ಲ?

ಇಂಗ್ಲಿಷ್ ಪತ್ರಿಕೆ, ಪುಸ್ತಕ ಸಲೀಸಾಗಿ ಓದುತ್ತೀರಿ, ಬರೆಯಲೂ ಬರುತ್ತದೆ. ಆದರೆ ಇಂಗ್ಲಿಷ್ ಮನೆಮಾತಾಗಿರುವ ಇಬ್ಬರು ತಮ್ಮತಮ್ಮಲ್ಲೇ ಮಾತಾಡುವಾಗ ಅರ್ಧವೂ ತಿಳಿಯುವುದಿಲ್ಲ. 'ನನಗೆ ಗೊತ್ತಿರುವ ಪದಗಳೇ ಕಡಿಮೆಯಾ?' ಅಂತ ಕೇಳಿದ್ದೀರಿ. ನನಗೆ ಹಾಗನ್ನಿಸುವುದಿಲ್ಲ. ಅವರು ಆಡಿದ್ದನ್ನೇ ಬರೆದು ಕೈಗೆ ಕೊಟ್ಟರೆ 'ಅಯ್ಯೋ, ಇಷ್ಟೇನಾ' ಅನ್ನುತ್ತೀರಿ. ನಾನು ಎಷ್ಟೋ ಸಲ ಅಂದಿದ್ದೇನೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಮೆರಿಕದ ಸಹೋದ್ಯೋಗಿಯೊಬ್ಬರ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ. ಒಂದು ಕೆಲಸ ಶುಕ್ರವಾರದೊಳಗೆ ಆಗುತ್ತದಾ ಅಂತ ಕೇಳಿದೆ. 'ಐ ಕ್ಯಾನ್ ಡೂ ಇಟ್ ಬೈ ಫ್ರೈಡೇ' ಅಂದರು. ಥ್ಯಾಂಕ್ಸ್ ಅಂದೆ. ಆ ಕಡೆ ಒಂದು ಕ್ಷಣ ಮಾತಿಲ್ಲ. ಯಾಕೆ ಅಂತ ಆಗ ಹೊಳೆಯಲಿಲ್ಲ. ಶುಕ್ರವಾರ ಬಂತು, ಕೆಲಸ ಬರಲಿಲ್ಲ. ಅವರು ಹೇಳಿದ್ದು 'ಕ್ಯಾಂಟ್' ಅಂತೆ.

ಆಮೇಲೆ ತಲೆಕೆಡಿಸಿಕೊಂಡು ಕೇಳಿಸಿಕೊಳ್ಳಲು ಶುರು ಮಾಡಿದಾಗ ಗುಟ್ಟು ತಿಳಿಯಿತು. ಅಮೆರಿಕದವರ ಮಾತಿನಲ್ಲಿ 'ಆಗುತ್ತದೆ' ಅನ್ನುವ ಕ್ಯಾನ್ ವಾಕ್ಯದ ನಡುವೆ ಬಂದರೆ ಸೊರಗಿ 'ಕನ್' ಆಗುತ್ತದೆ, ಕೆಲವೊಮ್ಮೆ ಬರೀ 'ಕ್ನ್'. 'ಆಗುವುದಿಲ್ಲ' ಅನ್ನುವ ಕ್ಯಾಂಟ್ ಮಾತ್ರ ಗಟ್ಟಿಯಾಗಿ ಬರುತ್ತದೆ. ಆದರೆ ಅದರ ಕೊನೆಯ 'ಟ್' ಗಂಟಲಲ್ಲೇ ನಿಂತುಬಿಡುತ್ತದೆ. ಅಂದರೆ ನಿಮಗೆ ಸ್ಪಷ್ಟವಾಗಿ 'ಕ್ಯಾನ್' ಅಂತ ಕೇಳಿಸಿತೋ, ಹೆಚ್ಚಾಗಿ ಅದು 'ಆಗಲ್ಲ' ಅಂತಲೇ! ನಾನು 'ಟ್'ಗೆ ಕಾಯುತ್ತಿದ್ದೆ, ಅವರ ಕಿವಿ ಸ್ವರವನ್ನು ಹಿಡಿಯುತ್ತದೆ. ಇಂಗ್ಲೆಂಡಿನವರು 'ಕಾಂಟ್' ಅನ್ನುತ್ತಾರೆ, ಅಷ್ಟರಮಟ್ಟಿಗೆ ಬಚಾವ್.

ಇದರಲ್ಲಿ ನಮ್ಮ ಕಿವಿಯ ಪಾಲೂ ಇದೆ. ಕನ್ನಡದ ಪದಗಳು ಹೆಚ್ಚುಕಮ್ಮಿ ಎಲ್ಲವೂ ಸ್ವರದಲ್ಲಿ ಮುಗಿಯುತ್ತವೆ. ಹೊರಗಿನ ಪದ ಬಂದರೂ ಅದಕ್ಕೊಂದು 'ಉ' ಅಂಟಿಸಿ ಬಸ್ಸು, ಕಾರು, ರೋಡು ಅಂತ ಮಾಡಿಕೊಳ್ಳುತ್ತೇವೆ. ಪದ ಇಲ್ಲಿಗೆ ಮುಗಿಯಿತು ಅಂತ ಆ ಸ್ವರವೇ ಹೇಳುತ್ತದೆ. ಇಂಗ್ಲಿಷಿನ ಪದ ವ್ಯಂಜನದಲ್ಲಿ ಮುಗಿದು, ಮುಂದಿನ ಪದಕ್ಕೆ ಅಂಟಿಕೊಂಡೇ ಹೋಗುತ್ತದೆ. 'ಟೆಲ್ ಹಿಮ್' ಅನ್ನುವುದು 'ಟೆಲಿಮ್'. 'ವಾಟ್ ಆರ್ ಯು ಗೋಯಿಂಗ್ ಟು ಡೂ' ಅನ್ನುವುದು 'ವಾಚ ಗನ ಡೂ'. 'ಡಿಡ್ ಯು ಈಟ್' ಪೂರ್ತಿ ಕರಗಿ 'ಜೀಟ್' ಆಗುವುದೂ ಉಂಟು. ಪದಕೋಶದಲ್ಲಿ 'ಜೀಟ್' ಹುಡುಕಿದರೆ ಏನು ಸಿಗುತ್ತದೆ ಹೇಳಿ?

ಇನ್ನೊಂದು ತೊಡಕು, ನನ್ನ ಲೆಕ್ಕದಲ್ಲಿ ಇದೇ ದೊಡ್ಡದು. ನಾವು ಒಂದೊಂದು ಅಕ್ಷರವನ್ನೂ ಬಿಡಿಬಿಡಿಯಾಗಿ, ಪೂರ್ತಿಯಾಗಿ ಉಚ್ಚರಿಸುತ್ತೇವೆ. ಇಂಗ್ಲಿಷಿನಲ್ಲಿ ಪದದ ಒಂದು ಜಾಗಕ್ಕೆ ಒತ್ತು ಬೀಳುತ್ತದೆ, ಮಿಕ್ಕವು ನುಜ್ಜುಗುಜ್ಜು. 'ಕಂಫರ್ಟೆಬಲ್' ಹೋಗಿ 'ಕಂಫ್ಟಬಲ್', 'ವೆಜಿಟೆಬಲ್' ಹೋಗಿ 'ವೆಜ್‌ಟಬಲ್'. ಒತ್ತಿಲ್ಲದ ಕಡೆ ಹೆಚ್ಚಾಗಿ ಕೇಳುವುದು ಅತ್ತ 'ಅ'ಯೂ ಅಲ್ಲದ, ಇತ್ತ 'ಎ'ಯೂ ಅಲ್ಲದ ಒಂದು ಮಂಕು ಸ್ವರ. ಅದಕ್ಕೆ 'ಶ್ವಾ' ಅಂತ ಹೆಸರು. ಇಂಗ್ಲಿಷಿನಲ್ಲಿ ಅತಿ ಹೆಚ್ಚು ಸಲ ಬರುವ ಸ್ವರ ಅದೇ, ಆದರೆ ಅಕ್ಷರಮಾಲೆಯಲ್ಲಿ ಅದಕ್ಕೆ ಸ್ವಂತ ಅಕ್ಷರವೇ ಇಲ್ಲ! ಅಬೌಟ್‌ನ ಮೊದಲ ಸ್ವರ, ಪ್ರಾಬ್ಲೆಮ್‌ನ ಎರಡನೆಯದು, ಲೆಮನ್‌ನ ಎರಡನೆಯದು, ಮೂರೂ ಅದೇ. ಕಾಗುಣಿತ ನೋಡಿದರೆ ಒಂದರಲ್ಲಿ ಎ, ಒಂದರಲ್ಲಿ ಇ, ಇನ್ನೊಂದರಲ್ಲಿ ಓ. ನಾವು ಕಣ್ಣಿಂದ ಕಲಿತವರು, ಹಾಗಾಗಿ ಮೂರು ಬೇರೆ ಬೇರೆ ಸದ್ದು ಬರಲಿ ಅಂತ ಕಾಯುತ್ತೇವೆ. ಅವು ಬರುವುದೇ ಇಲ್ಲ.

ಹಾಗಂತ ಅವರ ಮೇಲೆ ಸಿಟ್ಟಾಗಬೇಡಿ. ನಾವೇನು ಕಡಿಮೆಯಾ? 'ಏನು ಮಾಡುತ್ತಾ ಇದ್ದೀಯ' ಅಂತ ಯಾರಾದರೂ ಬಿಡಿಸಿ ಹೇಳುತ್ತಾರಾ? 'ಏನ್ಮಾಡ್ತಿದ್ಯಾ' ಅಂತ ಒಂದೇ ಗುಕ್ಕಿಗೆ ಮುಗಿಸುತ್ತೇವೆ. ಪುಸ್ತಕ ನೋಡಿ ಕನ್ನಡ ಕಲಿತವರ ಪಾಡು ಏನಾಗಬೇಕು, ಅಲ್ವಾ?

ಅಂದಹಾಗೆ, ಪದ ಎಲ್ಲಿ ಮುಗಿಯಿತು ಅಂತ ಅವರಿಗೂ ಗೊಂದಲವಾಗಿದೆ. ಏಪ್ರನ್ ಮೊದಲು 'ನೇಪ್ರನ್' ಆಗಿತ್ತು. 'ಎ ನೇಪ್ರನ್' ಅನ್ನುವುದನ್ನು ಜನ 'ಆ್ಯನ್ ಏಪ್ರನ್' ಅಂತ ಕೇಳಿಸಿಕೊಂಡು, ಅದೇ ಪದ ಉಳಿದುಬಿಟ್ಟಿತು. ಆ್ಯಡರ್ ಅನ್ನುವ ಹಾವಿನ ಹೆಸರೂ ಹೀಗೇ ತಲೆಯ 'ನ' ಕಳೆದುಕೊಂಡಿದ್ದು.

ಊರಿಗೊಂದು ಉಚ್ಚಾರಣೆ ಇರುವ ವಿಷಯ ನಿಮಗೆ ಗೊತ್ತೇ ಇದೆ. ನೀರು ಅಮೆರಿಕದಲ್ಲಿ 'ವಾಡರ್'. ಲಂಡನ್ನಿನ ಎಷ್ಟೋ ಜನರ ಬಾಯಲ್ಲಿ ನಡುವಿನ 'ಟ' ಮಾಯವಾಗಿ ಅಲ್ಲೊಂದು ಬಿಕ್ಕು ಮಾತ್ರ. ಎಲ್ಲವನ್ನೂ ಒಟ್ಟಿಗೆ ಹಿಡಿಯಲು ಹೋಗಬೇಡಿ. ನಿಮ್ಮ ಕೆಲಸಕ್ಕೆ ಯಾವುದು ಜಾಸ್ತಿ ಬೇಕೋ ಅದನ್ನು ಮೊದಲು ಹಿಡಿಯಿರಿ.

ಈಗ ಏನು ಮಾಡಬೇಕು ಅಂತ. ಕಲಿಯುವವರಿಗಾಗಿಯೇ ನಿಧಾನವಾಗಿ ಓದುವ ಕಾರ್ಯಕ್ರಮಗಳಿವೆ. ವಾಯ್ಸ್ ಆಫ್ ಅಮೆರಿಕ 1959ರಲ್ಲೇ ಸ್ಪೆಷಲ್ ಇಂಗ್ಲಿಷ್ ಅಂತ ಶುರು ಮಾಡಿತ್ತು, ಸುಮಾರು 1500 ಪದಗಳಲ್ಲೇ ಸುದ್ದಿ ಹೇಳುತ್ತಿತ್ತು. ಧೈರ್ಯ ಬರಲು ಅಂಥವು ಒಳ್ಳೆಯವು. ಆದರೆ ಅಲ್ಲಿ ಪದಗಳನ್ನು ಬಿಡಿಸಿ ಓದುತ್ತಾರೆ, ನಿಮಗೆ ತೊಂದರೆ ಕೊಡುವ ನುಂಗಾಟವೇ ಅಲ್ಲಿರುವುದಿಲ್ಲ. ಅದಕ್ಕಿಂತ ಮಾಮೂಲಿ ಹರಟೆಯ ವಿಡಿಯೊವನ್ನೇ ಯೂಟ್ಯೂಬಿನಲ್ಲಿ 0.75 ವೇಗಕ್ಕೆ ಇಳಿಸಿ ಕೇಳುವುದು ಮೇಲು. ನುಂಗಿದ್ದು ನುಂಗಿದಂತೆಯೇ ಇರುತ್ತದೆ, ಹಿಡಿಯಲು ಸ್ವಲ್ಪ ಸಮಯ ಸಿಗುತ್ತದೆ.

ನನಗೆ ನಿಜವಾಗಿ ಕೆಲಸಕ್ಕೆ ಬಂದಿದ್ದು ಇದು. ಇಪ್ಪತ್ತು ಸೆಕೆಂಡಿನ ತುಣುಕು, ಅದಕ್ಕಿಂತ ಜಾಸ್ತಿ ಬೇಡ. ಕೇಳಿಸಿದ್ದನ್ನು ಕಾಗದದ ಮೇಲೆ ಕನ್ನಡ ಅಕ್ಷರದಲ್ಲೇ ಬರೆದುಕೊಳ್ಳಿ, ಅರ್ಥವಾಗದಿದ್ದರೂ ಸರಿ. ನಾಲ್ಕೈದು ಸಲ ಕೇಳಿ ತಿದ್ದಿ. ಆಮೇಲಷ್ಟೇ ಸಬ್‌ಟೈಟಲ್ ನೋಡಿ. ಮೊದಲೇ ನೋಡಿದರೆ ಮತ್ತೆ ಕಣ್ಣೇ ಕೆಲಸ ಮಾಡುತ್ತದೆ, ಕಿವಿ ಸುಮ್ನೆ ಕೂರುತ್ತದೆ. ನನ್ನ ಕಾಗದದಲ್ಲಿ ಒಮ್ಮೆ 'ಶುಡಾ ಟೋಲ್ಡಿಮ್' ಅಂತ ಇತ್ತು. ಅದು 'ಶುಡ್ ಹ್ಯಾವ್ ಟೋಲ್ಡ್ ಹಿಮ್'. ಅದನ್ನು ನಾನೂ ಹಾಗೇ ನುಂಗಿ ಹತ್ತು ಸಲ ಜೋರಾಗಿ ಹೇಳಿದೆ. ಮನೆಯವರು ನಕ್ಕರು, ನಗಲಿ. ಬಾಯಿಗೆ ಒಮ್ಮೆ ಬಂದದ್ದು ಮುಂದಿನ ಸಲ ಕಿವಿಗೆ ತಾನಾಗಿ ಸಿಗುತ್ತದೆ. ಎರಡು ತಿಂಗಳು ದಿನಾ ಕಾಲು ಗಂಟೆ ಮಾಡಿದ ಮೇಲೆ ನನಗೆ ವ್ಯತ್ಯಾಸ ಗೊತ್ತಾಯಿತು. ಮೊದಲೆರಡು ವಾರ ಮಾತ್ರ ಏನೂ ಆಗುತ್ತಿಲ್ಲ ಅನ್ನಿಸುತ್ತಿತ್ತು.

ತಿಳಿಯದಿದ್ದಾಗ ತಲೆಯಾಡಿಸಬೇಡಿ. 'ಸಾರಿ, ಇನ್ನೊಂದು ಸಲ ಹೇಳಿ' ಅಂದರೆ ಅವರು ಅದನ್ನೇ ಅಷ್ಟೇ ವೇಗದಲ್ಲಿ ಹೇಳುತ್ತಾರೆ. ಎಲ್ಲಿ ತಪ್ಪಿತೋ ಆ ಜಾಗವನ್ನೇ ಹಿಡಿದು ಕೇಳಿ. ಹದಿನೈದಾ ಐವತ್ತಾ, ಮಂಗಳವಾರವಾ ಗುರುವಾರವಾ ಅಂತ. ಅದರಲ್ಲಿ ನಾಚಿಕೆ ಏನಿಲ್ಲ. ನನ್ನ ಅದೇ ಸಹೋದ್ಯೋಗಿ ತಮ್ಮ ದೇಶದವರೊಬ್ಬರನ್ನು ಫೋನಿನಲ್ಲಿ ತಡೆದು 'ಕ್ಯಾನ್ ಆರ್ ಕ್ಯಾನಾಟ್?' ಅಂತ ಕೇಳಿದ್ದನ್ನು ನಾನೇ ಕೇಳಿಸಿಕೊಂಡಿದ್ದೇನೆ.