ತುಮಕೂರಿನಲ್ಲಿ ಎಂಜಿನಿಯರುಗಳ ಸಂಘಕ್ಕೆ ಸೇರಬೇಕಾ?

ಸಿವಿಲ್ ಡಿಪ್ಲೊಮಾ ಆಗಿದೆ, ತುಮಕೂರಲ್ಲಿ ಸೈಟ್ ನೋಡಿಕೊಳ್ಳುತ್ತೀನಿ, ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್‌ಗೆ ಸೇರಿದರೆ ಉಪಯೋಗ ಇದೆಯಾ, ಸುಮ್ನೆ ಭಾಷಣ ಕೇಳೋಕೆ ದುಡ್ಡು ಯಾಕೆ ಅಂತ ಕೇಳಿದ್ದೀರಿ. ಭಾಷಣ ಇರುತ್ತದೆ, ಸುಳ್ಳು ಹೇಳಲ್ಲ. ಸೆಪ್ಟೆಂಬರ್ 15ರ ಎಂಜಿನಿಯರುಗಳ ದಿನಕ್ಕಂತೂ ಹಾರ, ಶಾಲು, ಸರ್ ಎಂ.ವಿ. ಫೋಟೊ ಎಲ್ಲ ಇದ್ದೇ ಇರುತ್ತದೆ. ಅದಕ್ಕೋಸ್ಕರ ಸೇರಬೇಡಿ.

ನನಗೆ ಕೆಲಸಕ್ಕೆ ಬಂದಿದ್ದು ಸಂಘದ ಸೈಟ್ ಭೇಟಿಗಳು. ಒಮ್ಮೆ ಪಾವಗಡದ ಸೋಲಾರ್ ಪಾರ್ಕಿಗೆ ಹೋಗಿದ್ದೆವು. 2,050 ಮೆಗಾವಾಟ್, ಸುಮಾರು 13,000 ಎಕರೆ ಅಂತ ಓದಿದ್ದೆ. ಕಣ್ಣಾರೆ ನೋಡಿದಾಗಲೇ ಅದರ ಅಗಲ ಗೊತ್ತಾಗಿದ್ದು. ಜಮೀನು ಕೊಂಡಿಲ್ಲ, ರೈತರಿಂದ ಗುತ್ತಿಗೆಗೆ ಪಡೆದಿದ್ದಾರೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಗಿತ್ತು. ಜೊತೆಗಿದ್ದ ಹಿರಿಯರೊಬ್ಬರು ಪ್ಯಾನಲ್ ಮೇಲೆ ಬೆರಳಾಡಿಸಿ ಧೂಳು ತೋರಿಸಿದರು. "ಇದು ಕೂತರೆ ಕರೆಂಟ್ ಕಮ್ಮಿ. ತೊಳೆಯೋಣ ಅಂದ್ರೆ ಈ ಬರದ ಸೀಮೆಯಲ್ಲಿ ನೀರೆಲ್ಲಿ?" ಅಂದರು. ಪುಸ್ತಕದಲ್ಲಿ ಇದು ಸಿಗಲ್ಲ, ಅಲ್ವಾ? ಬಸ್ಸಿನಲ್ಲಿ ವಾಪಸ್ ಬರುವಾಗ ಅವರ ಪಕ್ಕ ಕೂತು ಕಾಂಕ್ರೀಟ್ ಕ್ಯೂರಿಂಗ್ ಬಗ್ಗೆ ನನ್ನ ಅನುಮಾನಗಳನ್ನೆಲ್ಲ ಕೇಳಿ ಮುಗಿಸಿದೆ.

ಒಂದು ವಿಷಯದಲ್ಲಿ ಮಾತ್ರ ಹುಷಾರು. ಈ ಸಂಸ್ಥೆಯೇ ನಡೆಸುವ ಎಎಂಐಇ ಪರೀಕ್ಷೆ ಬರೆದರೆ ಬಿ.ಇ.ಗೆ ಸಮ ಅಂತ ಯಾರಾದರೂ ಹೇಳಿದರೆ ನಂಬಿಬಿಡಬೇಡಿ. ಕೇಂದ್ರ ಸರ್ಕಾರದ ಆ ಮಾನ್ಯತೆ 2013ರ ಮೇ 31ರೊಳಗೆ ನೋಂದಾಯಿಸಿದವರಿಗೆ. ಡಿಗ್ರಿಯೇ ಬೇಕಿದ್ದರೆ ಲ್ಯಾಟರಲ್ ಎಂಟ್ರಿ ನೋಡಿ, ಅಂದ್ರೆ ಡಿಪ್ಲೊಮಾ ಮೇಲೆ ನೇರ ಬಿ.ಇ. ಎರಡನೇ ವರ್ಷಕ್ಕೆ ಸೇರೋದು.

ದುಡ್ಡು ಕಟ್ಟೋ ಮೊದಲು ಒಂದೆರಡು ಕಾರ್ಯಕ್ರಮಕ್ಕೆ ಹೋಗಿ ಬನ್ನಿ. ಕಾಫಿ ಹೊತ್ತಲ್ಲಿ ಜನ ಕೆಲಸದ ಮಾತಾಡ್ತಾರಾ, ಬರೀ ವಿಸಿಟಿಂಗ್ ಕಾರ್ಡ್ ಹಂಚ್ತಾರಾ, ಅಷ್ಟು ನೋಡಿದರೆ ಸಾಕು.